ಹೇಳದೆ ಬಿಟ್ಟ ಜಾಗವನ್ನು ತುಂಬುವವರು ಯಾರು?

ಬಾಗಿಲು ತಟ್ಟಿದ ಸದ್ದು ಕೇಳಿದಾಗ ಮನೆಯೊಳಗಿನಿಂದ ‘ಯಾರೋ ಬಂದಿದ್ದಾರೆ, ನೋಡು’ ಎಂಬ ಮಾತು ಹೊರಡುತ್ತದೆ. ಬಂದವರು ಗಂಡಸೋ ಹೆಂಗಸೋ, ಒಬ್ಬರೋ ಇಬ್ಬರೋ ಹೇಳಿದವರಿಗೆ ತಿಳಿಯದು. ಆದರೂ ಕನ್ನಡದ ಪೂರ್ಣ ಕ್ರಿಯಾಪದ ಆಖ್ಯಾತಪ್ರತ್ಯಯವಿಲ್ಲದೆ ನಿಲ್ಲಲಾರದು. ಆ ಪ್ರತ್ಯಯವೋ ಲಿಂಗವಚನಗಳು ತಿಳಿಯದೆ ಹುಟ್ಟಲಾರದು. ಬಂದನು, ಬಂದಳು, ಬಂದಿತು ಎಂಬವುಗಳಲ್ಲಿ ಯಾವುದನ್ನು ಆರಿಸಿದರೂ ತಿಳಿಯದ ಸಂಗತಿಯನ್ನು ತಿಳಿದಂತೆ ಹೇಳಿದ ಹಾಗಾಗುತ್ತದೆ. ನಮ್ಮ ಹಿರಿಯರು ಇದಕ್ಕೆ ಒಂದು ದಾರಿಯನ್ನು ಕಂಡುಕೊಂಡಿದ್ದಾರೆ. ತಿಳಿಯದಿದ್ದಾಗ ಮನುಷ್ಯರ ವಿಷಯದಲ್ಲಿ ಬಹುವಚನವನ್ನು ಬಳಸುವುದು. ಬಾಗಿಲು ತೆರೆದು ನೋಡಿದ ಮೇಲೆ ಅದೇ ಮಾತು ‘ತಂಗಿ ಬಂದಿದ್ದಾಳೆ’ ಎಂದಾಗುತ್ತದೆ. ತಿಳಿವು ಬಂದೊಡನೆ ಆ ಬಹುವಚನ ತಾನಾಗಿ ಹಿಂದೆ ಸರಿಯುತ್ತದೆ.

ಎಂಟನೆಯ ತರಗತಿಯ ವ್ಯಾಕರಣಪಾಠದಷ್ಟು ಸರಳವಾದ ಈ ಸಂಗತಿಯಲ್ಲಿ ಮೂರು ಅಂಶಗಳು ಅಡಗಿವೆ. ‘ಬರು’ ಎಂಬ ಕ್ರಿಯೆ ಎಲ್ಲರಿಗೂ ಒಂದೇ. ಅದರ ಕೊನೆಯ ರೂಪ ಮಾತ್ರ ಕರ್ತೃಪದ ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಅನುಸರಿಸಿ ಬದಲಾಗುತ್ತದೆ. ವರ್ಗ ತಿಳಿಯದಿದ್ದಾಗ ಬಳಸಬೇಕಾದ ರೂಪ ಮೊದಲೇ ಗೊತ್ತಾಗಿದೆ. ಗಣಕದ ಭಾಷೆಗಳನ್ನು ಕಟ್ಟಿದವರು ಇದೇ ಮೂರು ಅಂಶಗಳಿಗೆ ಜೆನೆರಿಕ್ ಮೆಥಡ್, ಟೈಪ್ ಕ್ಲಾಸ್, ಡಿಫಾಲ್ಟ್ ಟೈಪ್ ಪ್ಯಾರಾಮೀಟರ್ ಎಂಬ ಹೆಸರುಗಳನ್ನು ಇಟ್ಟಿದ್ದಾರೆ. ನಮ್ಮ ಮಕ್ಕಳು ಕನ್ನಡ ಮಾಧ್ಯಮದಿಂದ ಹೊರಟು ಕಾಲೇಜು ಸೇರಿದಾಗ ಈ ಹೆಸರುಗಳು ಇಂಗ್ಲಿಷಿನಲ್ಲಿ, ಒಂದರ ಮೇಲೊಂದು ಬಂದು ಬೀಳುತ್ತವೆ. ಹೆಸರು ಹೊಸದೇ ಹೊರತು ವಿಚಾರ ಹೊಸದಲ್ಲ. ಮೊದಲ ಎರಡು ಅಂಶಗಳನ್ನು ಬೇಗ ಮುಗಿಸಿ ಮೂರನೆಯದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ತೊಡಕಿರುವುದೂ ರುಚಿಯಿರುವುದೂ ಅಲ್ಲಿಯೇ.

ಗಣಕಕ್ಕೆ ಒಪ್ಪಿಸುವ ಪ್ರತಿಯೊಂದು ದತ್ತಾಂಶಕ್ಕೂ ಒಂದು ಟೈಪ್, ಎಂದರೆ ಅದು ಯಾವ ಜಾತಿಯ ವಸ್ತು ಎಂಬ ಗುರುತು ಇರುತ್ತದೆ. 5 ಎಂಬುದು ಪೂರ್ಣಾಂಕ, 5.0 ಎಂಬುದು ದಶಮಾಂಶ ಸಂಖ್ಯೆ. ಉದ್ಧರಣ ಚಿಹ್ನೆಗಳ ನಡುವೆ "5" ಎಂದು ಬರೆದರೆ ಅದು ಸಂಖ್ಯೆಯೇ ಅಲ್ಲ, ಒಂದು ಅಕ್ಷರದ ಪಠ್ಯ. ಕೆಲವು ಕೆಲಸಗಳಿಗೆ ಟೈಪ್ ಯಾವುದೆಂಬುದು ಬೇಕಾಗಿಯೇ ಇಲ್ಲ. ಒಂದು ಪಟ್ಟಿಯನ್ನು ತಿರುವುಮುರುವು ಮಾಡುವಾಗ ಅದರಲ್ಲಿರುವುದು ಸಂಖ್ಯೆಗಳೋ ಹೆಸರುಗಳೋ ಎಂದು ಯಾರೂ ವಿಚಾರಿಸುವುದಿಲ್ಲ. ಇನ್ನು ಕೆಲವು ಕೆಲಸಗಳಿಗೆ ಹೆಸರು ಒಂದೇ ಆದರೂ ಮಾಡುವ ರೀತಿ ಟೈಪಿನಿಂದ ಟೈಪಿಗೆ ಬೇರೆ. ಪೂರ್ಣಾಂಕಗಳನ್ನು ಕೂಡಿಸುವ ಬಗೆ ಬೇರೆ, ಭಿನ್ನರಾಶಿಗಳನ್ನು ಕೂಡಿಸುವ ಬಗೆ ಬೇರೆ. ಇವೆರಡೂ ಬೇರೆ ಬೇರೆ ಬಗೆಯ ಸಾರ್ವತ್ರಿಕತೆ ಎಂದು ಬ್ರಿಟನ್ನಿನ ಕ್ರಿಸ್ಟೊಫರ್ ಸ್ಟ್ರೇಚಿ 1967ರಲ್ಲಿ ಕೋಪನ್‌ಹೇಗನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ವಿಂಗಡಿಸಿ ತೋರಿಸಿದರು. ಎರಡನೆಯ ಬಗೆಗೆ ಒಂದು ಶಿಸ್ತನ್ನು ತಂದವರು ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್. ಅವರ ಪ್ರಬಂಧ 1989ರಲ್ಲಿ ಪ್ರಕಟವಾಯಿತು. ಅವರು ಮಂಡಿಸಿದ ಸಾಧನವೇ ಟೈಪ್ ಕ್ಲಾಸ್. ಆಗ ರೂಪುಗೊಳ್ಳುತ್ತಿದ್ದ ಹ್ಯಾಸ್ಕೆಲ್ ಭಾಷೆ ಅದನ್ನು ಕೂಡಲೇ ಅಳವಡಿಸಿಕೊಂಡಿತು.

ಟೈಪ್ ಕ್ಲಾಸ್ ಎಂದರೆ ಒಂದು ಸಾಮರ್ಥ್ಯದ ಹೆಸರು. ‘ತೋರಿಸಬಲ್ಲವು’ ಎಂಬುದೊಂದು ವರ್ಗ. ಅದಕ್ಕೆ ಸೇರಿದ ಪ್ರತಿಯೊಂದು ಟೈಪೂ ತನ್ನನ್ನು ಪಠ್ಯವಾಗಿ ತೋರಿಸುವ ಬಗೆಯನ್ನು ಬರೆದು ಕೊಟ್ಟಿರಬೇಕು. ‘ಓದಬಲ್ಲವು’ ಎಂಬುದು ಇನ್ನೊಂದು ವರ್ಗ. ಅದಕ್ಕೆ ಸೇರಿದ ಟೈಪುಗಳು ಪಠ್ಯದಿಂದ ತಮ್ಮನ್ನು ಮರಳಿ ಕಟ್ಟಿಕೊಳ್ಳುವ ಬಗೆಯನ್ನು ಬರೆದು ಕೊಟ್ಟಿರಬೇಕು. ಹೀಗೆ ಬರೆದು ಕೊಟ್ಟದ್ದನ್ನು ನಿದರ್ಶನ ಎನ್ನೋಣ. ಜೆನೆರಿಕ್ ಮೆಥಡ್ ಬರೆಯುವವನು ‘ತ ಎಂಬ ಯಾವುದೇ ಟೈಪಿಗೆ ಇದು ನಡೆಯುತ್ತದೆ, ಆದರೆ ತ ಓದಬಲ್ಲವುಗಳ ವರ್ಗಕ್ಕೆ ಸೇರಿರಬೇಕು’ ಎಂದು ಷರತ್ತು ಹಾಕುತ್ತಾನೆ. ಕರೆಯುವವನು ಕರೆದಾಗ ತ ಯಾವುದೆಂಬುದನ್ನು ಕಂಪೈಲರ್ ಪತ್ತೆಹಚ್ಚಿ, ತಕ್ಕ ನಿದರ್ಶನವನ್ನು ಹುಡುಕಿ, ಯಾರಿಗೂ ಕಾಣದಂತೆ ಮೆಥಡ್ಡಿನ ಕೈಗೆ ಕೊಡುತ್ತದೆ. ‘ತಂಗಿ’ ಎಂಬ ಪದವನ್ನು ನೋಡಿ ‘ಆಳೆ’ ಎಂಬ ಕೊನೆಯನ್ನು ನಾವು ಯೋಚಿಸದೆಯೇ ಜೋಡಿಸುವಂತೆ.

ಇಲ್ಲಿಯ ತನಕ ಎಲ್ಲವೂ ಸುಗಮ. ಈಗ ಈ ಒಂದು ಸಾಲನ್ನು ನೋಡಿ. ಹ್ಯಾಸ್ಕೆಲ್ಲಿನ ಪದಗಳನ್ನು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ:

ತೋರಿಸು (ಓದು "5")

ಪಠ್ಯವೊಂದನ್ನು ಓದಿ ಏನನ್ನೋ ಕಟ್ಟಬೇಕು. ಕಟ್ಟಿದ್ದನ್ನು ಮತ್ತೆ ಪಠ್ಯವಾಗಿ ತೋರಿಸಬೇಕು. ಆ ‘ಏನನ್ನೋ’ ಎಂಬುದು ಏನು? ಪೂರ್ಣಾಂಕವಾದರೆ 5 ಎಂದು ತೋರುತ್ತದೆ, ದಶಮಾಂಶವಾದರೆ 5.0 ಎಂದು ತೋರುತ್ತದೆ. ಒಳಗೆ ಹೋಗುವುದೂ ಪಠ್ಯ, ಹೊರಗೆ ಬರುವುದೂ ಪಠ್ಯ. ನಡುವೆ ಹುಟ್ಟಿ ನಡುವೆಯೇ ಅಳಿಯುವ ವಸ್ತುವಿನ ಟೈಪನ್ನು ತಿಳಿಸುವ ಗುರುತು ಸಾಲಿನಲ್ಲಿ ಎಲ್ಲಿಯೂ ಇಲ್ಲ. ಜಾಗವೊಂದು ಖಾಲಿ ಉಳಿದಿದೆ. ಅದನ್ನು ತುಂಬದೆ ಕೆಲಸ ಮುಂದೆ ಸಾಗದು.

ಕಾಸರಗೋಡಿನ ಊಟದ ಹೋಟೆಲುಗಳಲ್ಲಿ ಎರಡು ಬಗೆಯ ಬಡಿಸುವವರಿದ್ದಾರೆ. ‘ಒಂದು ಊಟ’ ಎಂದೊಡನೆ ‘ಕುಚ್ಚಿಲೋ ಬೆಳ್ತಿಗೆಯೋ’ ಎಂದು ಕೇಳಿ ನಿಲ್ಲುವವರು ಒಂದು ಬಗೆ. ಏನೂ ಹೇಳದಿದ್ದರೆ ಕುಚ್ಚಿಲನ್ನವೆಂದೇ ತಿಳಿದು ಬಡಿಸಿ ಮುಂದಕ್ಕೆ ಹೋಗುವವರು ಇನ್ನೊಂದು ಬಗೆ. ಕಂಪೈಲರುಗಳಲ್ಲಿಯೂ ಈ ಎರಡು ಬಗೆಗಳಿವೆ. ಹ್ಯಾಸ್ಕೆಲ್ಲಿನ ಕಂಪೈಲರ್ ಮೇಲಿನ ಸಾಲಿನ ಮುಂದೆ ಮೊದಲನೆಯ ಬಗೆಯವರಂತೆ ನಿಂತುಬಿಡುತ್ತದೆ. ‘ಟೈಪ್ ಅಸ್ಪಷ್ಟ’ ಎಂದು ದೋಷ ತೋರಿಸಿ ಕಡತವನ್ನು ಹಿಂದಕ್ಕೆ ಕಳುಹಿಸುತ್ತದೆ. ಬರೆದವನು ‘ಪೂರ್ಣಾಂಕವಾಗಿ ಓದು’ ಎಂದು ಒಂದು ಮಾತು ಸೇರಿಸಿದರೆ ಸಾಕು, ಕೆಲಸ ನಡೆಯುತ್ತದೆ.

ಆದರೆ ಎಲ್ಲೆಡೆಯೂ ಹೀಗೆ ಕೇಳುತ್ತ ನಿಂತರೆ ಬಾಳುವೆ ಸಾಗುವುದಿಲ್ಲ. 2ರ ಘಾತ 10 ಎಷ್ಟು ಎಂದು ಬರೆದರೆ, ಆ 10 ಯಾವ ಬಗೆಯ ಪೂರ್ಣಾಂಕ ಎಂಬುದು ಉತ್ತರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹ್ಯಾಸ್ಕೆಲ್ಲಿನಲ್ಲಿ ಪೂರ್ಣಾಂಕಗಳೇ ಹಲವು ಬಗೆ: ಗಾತ್ರದ ಮಿತಿಯುಳ್ಳವು, ಮಿತಿಯಿಲ್ಲದವು. ಲೆಕ್ಕದ ಪ್ರತಿಯೊಂದು ಸಾಲಿನಲ್ಲಿಯೂ ಇದನ್ನು ಬಿಡಿಸಿ ಬರೆಯಬೇಕೆಂದರೆ ಯಾರಿಗೂ ತಾಳ್ಮೆ ಉಳಿಯದು. ಆದುದರಿಂದ ಸಂಖ್ಯೆಗಳಿಗೆ ಮಾತ್ರ ಒಂದು ವಿನಾಯಿತಿ ಇದೆ. ಖಾಲಿ ಜಾಗದ ಮೇಲೆ ಇರುವ ಷರತ್ತುಗಳಲ್ಲಿ ಕನಿಷ್ಠ ಒಂದು ಸಂಖ್ಯಾವರ್ಗಕ್ಕೆ ಸಂಬಂಧಿಸಿದ್ದಾಗಿರಬೇಕು. ಷರತ್ತುಗಳಲ್ಲಿ ಬರುವ ವರ್ಗಗಳೆಲ್ಲವೂ ಭಾಷೆಯ ಜೊತೆಯಲ್ಲಿಯೇ ಬಂದವಾಗಿರಬೇಕು. ಆಗ ಕಂಪೈಲರ್ ಎರಡೇ ಹೆಸರುಗಳಿರುವ ಒಂದು ಪಟ್ಟಿಯನ್ನು ತೆರೆಯುತ್ತದೆ: ಮೊದಲು ಮಿತಿಯಿಲ್ಲದ ಪೂರ್ಣಾಂಕ, ಅದು ಹೊಂದದಿದ್ದರೆ ‘ಡಬಲ್’ ಎಂಬ ದಶಮಾಂಶ. ಎಲ್ಲ ಷರತ್ತುಗಳಿಗೂ ಮೊದಲು ಹೊಂದಿದ ಟೈಪನ್ನು ಖಾಲಿ ಜಾಗದಲ್ಲಿ ಕೂರಿಸುತ್ತದೆ.

ಈ ಪಟ್ಟಿಯ ಮೊದಲ ಹೆಸರು ನನ್ನ ದೃಷ್ಟಿಯಲ್ಲಿ ಒಳ್ಳೆಯ ಆಯ್ಕೆ. ಮಿತಿಯಿಲ್ಲದ ಪೂರ್ಣಾಂಕ ನಿಧಾನವಾಗಬಹುದು, ತಪ್ಪು ಉತ್ತರವನ್ನು ಕೊಡುವುದಿಲ್ಲ. ಎರಡನೆಯ ಹೆಸರಿನ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. 0.1 ಮತ್ತು 0.2ನ್ನು ಕೂಡಿಸಲು ಹೇಳಿದರೆ 0.30000000000000004 ಎಂಬ ಉತ್ತರ ಬರುತ್ತದೆ. ‘ಡಬಲ್’ ಎರಡರ ಘಾತಗಳ ಲೆಕ್ಕದಲ್ಲಿ ಸಂಖ್ಯೆಗಳನ್ನು ಇಟ್ಟುಕೊಳ್ಳುವುದರಿಂದ 0.1 ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಹತ್ತಿರದ ಬೆಲೆ ಮಾತ್ರ ಸಿಗುತ್ತದೆ. ಐದನೆಯ ತರಗತಿಯ ಮಗು ಬೆರಳು ಮಡಿಸಿ ಹೇಳುವ ಉತ್ತರವನ್ನು ಯಂತ್ರ ತಪ್ಪಿಸುವುದು ಅದಕ್ಕೆ ಲೆಕ್ಕ ಬಾರದೆಂದಲ್ಲ. ಯಾರೂ ಟೈಪ್ ಹೇಳಲಿಲ್ಲ, ಪಟ್ಟಿಯಲ್ಲಿದ್ದುದು ಬಂದು ಕುಳಿತಿತು. ಬೇಕಾದರೆ ಕಡತದ ತಲೆಯಲ್ಲಿ ‘ನನ್ನ ಪಟ್ಟಿ ಇದು: ಪೂರ್ಣಾಂಕ, ಆಮೇಲೆ ಭಿನ್ನರಾಶಿ’ ಎಂದು ಒಂದು ಸಾಲು ಬರೆಯಬಹುದು. ಆಗ ಅದೇ ಸಂಕಲನಕ್ಕೆ ಹತ್ತರಲ್ಲಿ ಮೂರು ಎಂಬ ನಿಖರವಾದ ಉತ್ತರ ಬರುತ್ತದೆ. ಹ್ಯಾಸ್ಕೆಲ್ಲಿನ ವರದಿಯಲ್ಲಿ ಈ ಘೋಷಣೆಗೆ ಒಂದು ಗಡಿಯಿದೆ. ಅದು ಯಾವ ಮಾಡ್ಯೂಲಿನಲ್ಲಿ ಬರೆಯಲ್ಪಟ್ಟಿದೆಯೋ ಅಲ್ಲಿಗೆ ಮಾತ್ರ ಅನ್ವಯಿಸುತ್ತದೆ. ನೆರೆಯ ಮಾಡ್ಯೂಲಿನ ಮೇಲೆ ಅಧಿಕಾರ ಚಲಾಯಿಸುವುದಿಲ್ಲ. ಈ ಗಡಿಯ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ.

ನಡುವೆ ಒಂದು ಪದದ ವಿಚಾರ. ಸಹಕಾರಿ ಬ್ಯಾಂಕಿನ ನೋಟಿಸಿನಲ್ಲಿ ‘ಡಿಫಾಲ್ಟರ್’ ಎಂದರೆ ಸುಸ್ತಿದಾರ. ಗಣಕದಲ್ಲಿ ‘ಡಿಫಾಲ್ಟ್’ ಎಂದರೆ ಪೂರ್ವನಿಯೋಜಿತ ಆಯ್ಕೆ. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥಗಳು ಹೇಗೆ ಬಂದವು ಎಂದು ಮಕ್ಕಳು ಕೇಳಬಹುದು. ಮೂಲದಲ್ಲಿ ಆ ಪದಕ್ಕೆ ಮಾಡಬೇಕಾದುದನ್ನು ಮಾಡದೆ ಉಳಿಯುವುದು, ಲೋಪ ಎಂಬ ಅರ್ಥವಿದೆ. ಬ್ಯಾಂಕಿನಲ್ಲಿ ಕಂತು ಕಟ್ಟದೆ ಉಳಿದದ್ದು ಲೋಪ; ಇಲ್ಲಿ ಹೇಳಬೇಕಾದುದನ್ನು ಹೇಳದೆ ಉಳಿದದ್ದು ಲೋಪ. ಎರಡೂ ಕಡೆ ಆ ಲೋಪದ ನಂತರ ನಿರ್ಧಾರ ಬೇರೆಯವರ ಕೈಗೆ ಹೋಗುತ್ತದೆ. ‘ಪೂರ್ವನಿಯೋಜಿತ’ ಎಂಬ ನಮ್ಮ ಪಾರಿಭಾಷಿಕ ಪದದಲ್ಲಿ ನಿಯೋಜಿಸಿದವನು ಕಾಣುತ್ತಾನೆ, ಸುಮ್ಮನಿದ್ದವನು ಕಾಣುವುದಿಲ್ಲ. ಆ ಕಾರಣಕ್ಕೆ ಇಲ್ಲಿ ಡಿಫಾಲ್ಟ್ ಎಂದೇ ಬಳಸುತ್ತಿದ್ದೇನೆ.

ಹ್ಯಾಸ್ಕೆಲ್ಲನ್ನು ಕಡತದಲ್ಲಿ ಬರೆಯದೆ ಸಾಲುಸಾಲಾಗಿ ಟೈಪಿಸಿ ನೋಡುವ ಸಲಕರಣೆಯೊಂದಿದೆ; ಹೆಸರು ಜಿ.ಎಚ್.ಸಿ.ಐ. ಕಲಿಯುವವರಿಗೆ ಪದೇ ಪದೇ ದೋಷ ತೋರಿಸಿ ಬೇಸರ ಬರಿಸಬಾರದೆಂದು ಅದರಲ್ಲಿ ಡಿಫಾಲ್ಟಿನ ನಿಯಮವನ್ನು ಸಡಿಲಿಸಿದ್ದಾರೆ. ಸಂಖ್ಯೆಯ ಷರತ್ತು ಇಲ್ಲದಿದ್ದರೂ ಅದು ಖಾಲಿ ಜಾಗವನ್ನು ತುಂಬಲು ಹೊರಡುತ್ತದೆ, ಮತ್ತು ಪಟ್ಟಿಯ ಮೊದಲಿಗೇ ‘ಯೂನಿಟ್’ ಎಂಬ ಟೈಪನ್ನು ಇಟ್ಟುಕೊಂಡಿದೆ. ಈ ಯೂನಿಟ್ಟಿಗೆ ಇರುವುದು ಒಂದೇ ಒಂದು ಬೆಲೆ: ಒಳಗೆ ಏನೂ ಇಲ್ಲದ ಒಂದು ಜೊತೆ ಆವರಣ. ಅಲ್ಲಿ ‘ಓದು "5"’ ಎಂದು ಬರೆದರೆ ಏನಾಗುತ್ತದೆ? ಯೂನಿಟ್ ತೋರಿಸಬಲ್ಲದು, ಓದಬಲ್ಲದು. ಎರಡು ವರ್ಗಗಳಿಗೂ ಸೇರಿದೆ. ಆದುದರಿಂದ ಖಾಲಿ ಜಾಗದಲ್ಲಿ ಅದೇ ಕೂರುತ್ತದೆ. ಕಂಪೈಲರಿಗೆ ಸಮಾಧಾನವಾಗುತ್ತದೆ. ಓಡಿಸಿದಾಗ ಯಂತ್ರ 5 ಎಂಬ ಅಕ್ಷರದಲ್ಲಿ ಖಾಲಿ ಆವರಣವನ್ನು ಹುಡುಕಿ, ಕಾಣದೆ, ‘ಓದಲಾಗಲಿಲ್ಲ’ ಎಂದು ಬಿದ್ದುಬಿಡುತ್ತದೆ. ಕಲಿಯುವವರಾದರೋ 5ನ್ನು ಓದಲಾಗದ ಯಂತ್ರವೂ ಉಂಟೇ ಎಂದು ಬೆರಗಾಗುತ್ತಾರೆ. ಮೊದಲೇ ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದರ ಫಲ ಆಮೇಲೆ, ಬೇರೆ ವೇಷದಲ್ಲಿ ಎದುರಾಯಿತು.

ಈಗ ಸ್ಕಾಲಾ ಭಾಷೆಯ ಕಡೆಗೆ ಬರೋಣ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಓಡರ್ಸ್ಕಿ ಅವರು ಕಟ್ಟಿದ ಭಾಷೆ ಇದು. ಓಡರ್ಸ್ಕಿ ಮತ್ತು ಮೇಲೆ ಹೇಳಿದ ವಾಡ್ಲರ್ ಇಬ್ಬರೂ ಜಾವಾ ಭಾಷೆಗೆ ಜೆನೆರಿಕ್ಸ್ ತಂದ ಕೆಲಸದಲ್ಲಿ ಜೊತೆಗಿದ್ದವರು. ಅದು 2004ರ ಜಾವಾ ಆವೃತ್ತಿಯಲ್ಲಿ ಬಳಕೆಗೆ ಬಂತು. ಸ್ಕಾಲಾದಲ್ಲಿ ಟೈಪ್ ಕ್ಲಾಸ್ ಎಂಬ ಪ್ರತ್ಯೇಕ ರಚನೆಯಿಲ್ಲ. ಕಾಣದ ಪ್ಯಾರಾಮೀಟರುಗಳನ್ನು ಕಂಪೈಲರ್ ತಾನೇ ಹುಡುಕಿ ತುಂಬುವ ‘ಇಂಪ್ಲಿಸಿಟ್’ ಎಂಬ ಸೌಲಭ್ಯದಿಂದ ಅದನ್ನು ಕಟ್ಟಿಕೊಳ್ಳುತ್ತಾರೆ. ಜೆನೆರಿಕ್ ಮೆಥಡ್ಡಿನ ಟೈಪಿಗೆ ಡಿಫಾಲ್ಟ್ ಬರೆಯಲು ಅದರಲ್ಲಿ ನೇರವಾದ ದಾರಿಯಿಲ್ಲ. ‘ಬೆಲೆ ಹೇಳದಿದ್ದರೆ 10 ಎಂದು ತಿಳಿ’ ಎಂದು ಬರೆಯಬಹುದು. ನಮ್ಮ ಶಾಲೆಗಳ ಐ.ಸಿ.ಟಿ. ಪಾಠದಲ್ಲಿ ಪೈಥಾನ್ ಕಲಿಯುವ ಮಕ್ಕಳಿಗೆ ಇಂಥದು ಅಪರಿಚಿತವೇನಲ್ಲ. ಆದರೆ ‘ಟೈಪ್ ಹೇಳದಿದ್ದರೆ ಪೂರ್ಣಾಂಕವೆಂದು ತಿಳಿ’ ಎಂದು ಬರೆಯಲಾಗದು. ಟೈಪನ್ನು ಊಹಿಸಲು ಯಾವ ಆಧಾರವೂ ಇಲ್ಲದಿದ್ದರೆ ಸ್ಕಾಲಾ ‘ನಥಿಂಗ್’ ಎಂಬ ಟೈಪನ್ನು ಆರಿಸುತ್ತದೆ. ಅದಕ್ಕೆ ಒಂದೂ ಬೆಲೆಯಿಲ್ಲ. ಹ್ಯಾಸ್ಕೆಲ್ಲಿನ ಯೂನಿಟ್ ಒಂದೇ ಬೆಲೆಯ ಬಡವನಾದರೆ ಇದು ಆ ಒಂದೂ ಇಲ್ಲದ್ದು.

ಇಲ್ಲದ ಸೌಲಭ್ಯವನ್ನು ಇರುವ ಸಾಮಗ್ರಿಯಿಂದಲೇ ಕಟ್ಟಿಕೊಂಡ ಬಗೆ ಸ್ವಾರಸ್ಯಕರವಾಗಿದೆ. ಸ್ವಲ್ಪ ನಿಧಾನವಾಗಿ ನೋಡಬೇಕು. ‘ಇಲ್ಲವಾದರೆ’ ಎಂಬ ಹೆಸರಿನ ಒಂದು ಟೈಪ್ ಕ್ಲಾಸನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ಎರಡು ಸ್ಥಾನಗಳು. ‘ಇಲ್ಲವಾದರೆ[ತ, ಪೂರ್ಣಾಂಕ]’ ಎಂದು ಬರೆದರೆ ‘ತ ಯಾವುದೆಂದು ಯಾರೂ ಹೇಳಿಲ್ಲವಾದರೆ ಅದು ಪೂರ್ಣಾಂಕ’ ಎಂದು ಓದಿಕೊಳ್ಳಬೇಕು. ಈ ವರ್ಗ ಯಾವ ಕೆಲಸವನ್ನೂ ಮಾಡುವುದಿಲ್ಲ. ತೋರಿಸುವುದೂ ಇಲ್ಲ, ಓದುವುದೂ ಇಲ್ಲ. ಸಾಕ್ಷಿ ನುಡಿಯಲು ಮಾತ್ರ ಇದೆ. ಇದಕ್ಕೆ ಎರಡು ನಿದರ್ಶನಗಳನ್ನು ಬರೆಯುತ್ತಾರೆ, ಮತ್ತು ಒಂದನ್ನು ಮೇಲಿನ ಅಂತಸ್ತಿನಲ್ಲಿ, ಇನ್ನೊಂದನ್ನು ಕೆಳಗಿನ ಅಂತಸ್ತಿನಲ್ಲಿ ಇಡುತ್ತಾರೆ. ಎರಡೂ ಹೊಂದುವಾಗ ಕಂಪೈಲರ್ ಮೇಲಿನದನ್ನೇ ಆರಿಸುತ್ತದೆ. ಮೇಲಿನ ನಿದರ್ಶನ ‘ನನ್ನ ಎರಡು ಸ್ಥಾನಗಳಲ್ಲಿಯೂ ಒಂದೇ ಟೈಪ್ ಇರಬೇಕು’ ಎನ್ನುತ್ತದೆ. ಕೆಳಗಿನದು ‘ಎರಡು ಸ್ಥಾನಗಳಲ್ಲಿ ಏನಿದ್ದರೂ ಆಗಬಹುದು’ ಎನ್ನುತ್ತದೆ.

ಕರೆಯುವವನು ತ ಯಾವುದೆಂದು ಹೇಳದೆ ಬಿಟ್ಟನೆನ್ನಿ. ಕಂಪೈಲರ್ ಮೇಲಿನ ನಿದರ್ಶನವನ್ನು ಪರೀಕ್ಷಿಸುತ್ತದೆ. ಎರಡನೆಯ ಸ್ಥಾನದಲ್ಲಿ ಪೂರ್ಣಾಂಕವಿದೆ, ಮೊದಲನೆಯದು ಖಾಲಿ. ಎರಡೂ ಒಂದೇ ಆಗಿರಬೇಕೆಂಬ ಷರತ್ತು ನೆರವೇರಬೇಕಾದರೆ ಖಾಲಿ ಜಾಗ ಪೂರ್ಣಾಂಕವಾಗಲೇಬೇಕು, ಆಗುತ್ತದೆ. ಇದೇ ಡಿಫಾಲ್ಟ್. ಕರೆಯುವವನು ತ ಎಂದರೆ ಪಠ್ಯ ಎಂದು ಸ್ಪಷ್ಟವಾಗಿ ಹೇಳಿದನೆನ್ನಿ. ಮೇಲಿನ ನಿದರ್ಶನ ಪಠ್ಯವನ್ನೂ ಪೂರ್ಣಾಂಕವನ್ನೂ ಹೋಲಿಸಿ ನೋಡಿ ‘ಇವು ಒಂದೇ ಅಲ್ಲ, ನನಗೆ ಸಂಬಂಧವಿಲ್ಲ’ ಎಂದು ಪಕ್ಕಕ್ಕೆ ಸರಿಯುತ್ತದೆ. ಕೆಳಗಿನದು ಏನನ್ನೂ ಕೇಳದೆ ‘ಆಗಲಿ’ ಎನ್ನುತ್ತದೆ. ತ ಪಠ್ಯವಾಗಿಯೇ ಉಳಿಯುತ್ತದೆ. ಒಂದು ಮಾತು ಹೇಳಿದ್ದರಿಂದ ಡಿಫಾಲ್ಟ್ ಮಾಯವಾಯಿತು.

ಈ ಯುಕ್ತಿಯಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಡಿಫಾಲ್ಟ್ ಮೇಲಿನ ಅಂತಸ್ತಿನಲ್ಲಿಯೂ ಅನುಮತಿ ಕೆಳಗಿನ ಅಂತಸ್ತಿನಲ್ಲಿಯೂ ಇರುವುದು. ಹೇಳಿದ ಮಾತಿಗೆ ಮನ್ನಣೆ ಕೊಡುವುದು ಮೇಲಿರಬೇಕಲ್ಲವೇ ಎಂದು ತೋರುತ್ತದೆ. ಆದರೆ ‘ಏನಿದ್ದರೂ ಆಗಬಹುದು’ ಎಂಬುದನ್ನು ಮೇಲಿಟ್ಟರೆ ಅದು ಖಾಲಿ ಜಾಗವನ್ನೂ ಒಪ್ಪಿಕೊಂಡುಬಿಡುತ್ತದೆ; ಡಿಫಾಲ್ಟಿನ ತನಕ ಸರದಿಯೇ ಬರುವುದಿಲ್ಲ. ಇನ್ನೊಂದು, ಸಾಲಿನಲ್ಲಿ ನಿಲ್ಲುವ ಕ್ರಮ. ಕಾಣದ ಪ್ಯಾರಾಮೀಟರುಗಳನ್ನು ಸ್ಕಾಲಾ ಎಡದಿಂದ ಬಲಕ್ಕೆ ಹುಡುಕುತ್ತದೆ. ‘ತ ಓದಬಲ್ಲದಾಗಿರಬೇಕು’ ಎಂಬ ಷರತ್ತನ್ನು ಮೊದಲು ಬರೆದು ‘ಇಲ್ಲವಾದರೆ’ಯನ್ನು ಆಮೇಲೆ ಬರೆದರೆ, ಕಂಪೈಲರ್ ಓದಬಲ್ಲವುಗಳ ಹಲವು ನಿದರ್ಶನಗಳನ್ನು ಕಂಡು ಯಾವುದೆಂದು ತಿಳಿಯದೆ ಅಲ್ಲಿಯೇ ದೋಷ ತೋರಿಸಿ ನಿಲ್ಲುತ್ತದೆ. ಪರಿಹಾರ ಒಂದು ಹೆಜ್ಜೆ ಮುಂದೆಯೇ ಕಾದಿರುತ್ತದೆ, ಅಲ್ಲಿಗೆ ಯಾರೂ ತಲುಪುವುದಿಲ್ಲ. ಕಚೇರಿಗಳ ಕಿಟಕಿಗಳನ್ನು ಸುತ್ತಿದ ಅನುಭವವಿರುವ ಹೆತ್ತವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಉಳಿದ ಭಾಷೆಗಳ ಕತೆಯನ್ನು ಚುಟುಕಾಗಿ ಹೇಳಬಹುದು. ಸಿ ಪ್ಲಸ್ ಪ್ಲಸ್ ಭಾಷೆಯ 1998ರ ಪ್ರಮಾಣಗ್ರಂಥ ಕ್ಲಾಸುಗಳ ಟೆಂಪ್ಲೇಟುಗಳಿಗೆ ಡಿಫಾಲ್ಟ್ ಟೈಪನ್ನು ಕೊಟ್ಟಿತ್ತು. ಫಂಕ್ಷನ್ನುಗಳ ಟೆಂಪ್ಲೇಟುಗಳಿಗೆ ಅದು ಸಿಕ್ಕಿದ್ದು 2011ರಲ್ಲಿ. ಟೈಪ್‌ಸ್ಕ್ರಿಪ್ಟ್ 2017ರಲ್ಲಿ ಅದನ್ನು ಪಡೆಯಿತು. ರಸ್ಟ್ ಭಾಷೆ ಇನ್ನೂ ಎಚ್ಚರದಿಂದ ನಿಂತಿದೆ. ಅದರಲ್ಲಿ ಟ್ರೇಟ್ ಎಂದು ಕರೆಯುವ ಟೈಪ್ ಕ್ಲಾಸಿನ ಪ್ಯಾರಾಮೀಟರಿಗೆ ಡಿಫಾಲ್ಟ್ ಇಡಬಹುದು. ಕೂಡಿಸುವ ಟ್ರೇಟಿನಲ್ಲಿ ಬಲಗಡೆಯ ವಸ್ತುವಿನ ಟೈಪ್ ಹೇಳದಿದ್ದರೆ ಎಡಗಡೆಯದೇ ಎಂದರ್ಥ. ರಚನೆಗಳ ಪ್ಯಾರಾಮೀಟರಿಗೂ ಇಡಬಹುದು. ಫಂಕ್ಷನ್ನಿನ ಟೈಪ್ ಪ್ಯಾರಾಮೀಟರಿಗೆ ಮಾತ್ರ ಇಡುವಂತಿಲ್ಲ. ಬೇಕೆಂಬ ಪ್ರಸ್ತಾವಕ್ಕೆ ಒಮ್ಮೆ ಒಪ್ಪಿಗೆ ದೊರೆತಿದ್ದರೂ ಅದು ಸ್ಥಿರವಾದ ಭಾಷೆಯೊಳಗೆ ಬರಲಿಲ್ಲ. ತೊಡಕು ಎಲ್ಲಿದೆ ಎಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. ಸಂಖ್ಯೆಯೊಂದನ್ನು ಸುಮ್ಮನೆ 5 ಎಂದು ಬರೆದರೆ ಅದು 32 ಬಿಟ್ಟುಗಳ ಪೂರ್ಣಾಂಕ ಎಂಬುದು ರಸ್ಟ್ ಭಾಷೆಯದೇ ಡಿಫಾಲ್ಟ್. ಫಂಕ್ಷನ್ ಬರೆದವನು ತನ್ನ ಪ್ಯಾರಾಮೀಟರಿಗೆ 64 ಬಿಟ್ಟುಗಳ ಡಿಫಾಲ್ಟ್ ಇಟ್ಟಿದ್ದಾನೆ ಎಂದುಕೊಳ್ಳಿ. ಕರೆಯುವವನು 5 ಎಂದಷ್ಟೇ ಬರೆದು ಕರೆದಿದ್ದಾನೆ. ಒಂದು ಖಾಲಿ ಜಾಗಕ್ಕೆ ಈಗ ಇಬ್ಬರು ಹಕ್ಕುದಾರರು. ಭಾಷೆಯ ಮಾತು ನಡೆಯಬೇಕೋ ಫಂಕ್ಷನ್ ಬರೆದವನ ಮಾತು ನಡೆಯಬೇಕೋ? ಯಾವ ಉತ್ತರ ಕೊಟ್ಟರೂ ಯಾವನೋ ಒಬ್ಬನ ಹಳೆಯ ಕಡತ ಅವನಿಗೆ ತಿಳಿಯದೆಯೇ ಅರ್ಥ ಬದಲಾಯಿಸಿಕೊಳ್ಳುವ ಅಪಾಯವಿದೆ.

ಸಂಖ್ಯೆ 32 ಬಿಟ್ಟುಗಳದ್ದೋ 64 ಬಿಟ್ಟುಗಳದ್ದೋ ಎಂಬ ಜಗಳ ನಮ್ಮ ಜಗಲಿಗೆ ಸಂಬಂಧಿಸಿದ್ದಲ್ಲ ಎನ್ನಿಸಬಹುದು. ಆದುದರಿಂದ ಖಾಲಿ ಜಾಗದಲ್ಲಿ ಸಂಖ್ಯೆಯ ಬದಲು ಭಾಷೆಯನ್ನು ಇಟ್ಟು ನೋಡೋಣ. ಕೇರಳದ ಶಾಲೆಗಳಲ್ಲಿ ಬೋಧನಾ ಮಾಧ್ಯಮಗಳು ನಾಲ್ಕು: ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ. ಶಾಲೆಗಳಿಗೆ ಬೇಕಾದ ಪಠ್ಯಪುಸ್ತಕಗಳ ಪಟ್ಟಿಯನ್ನು ಮುದ್ರಿಸುವ ಒಂದು ತಂತ್ರಾಂಶವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ‘ಮಾಧ್ಯಮ’ ಎಂಬುದೊಂದು ಟೈಪ್ ಕ್ಲಾಸ್, ನಾಲ್ಕು ಭಾಷೆಗಳಿಗೆ ನಾಲ್ಕು ನಿದರ್ಶನಗಳು, ‘ಪಟ್ಟಿ ಮುದ್ರಿಸು’ ಎಂಬ ಜೆನೆರಿಕ್ ಮೆಥಡ್. ಬರೆಯುವವನು ಒಳ್ಳೆಯ ಉದ್ದೇಶದಿಂದಲೇ ‘ಇಲ್ಲವಾದರೆ ಮಲಯಾಳ’ ಎಂದು ಡಿಫಾಲ್ಟ್ ಇಡುತ್ತಾನೆ. ತಿರುವನಂತಪುರದಿಂದ ನೋಡಿದರೆ ಇದರಲ್ಲಿ ತಪ್ಪೇನೂ ಕಾಣದು. ರಾಜ್ಯದ ಬಹುಪಾಲು ಶಾಲೆಗಳಿಗೆ ಶ್ರಮ ಉಳಿಯುತ್ತದೆ. ನಮ್ಮ ಕಡೆಯ ಶಾಲೆ ‘ಕನ್ನಡ’ ಎಂದು ತುಂಬಿದರೆ ಡಿಫಾಲ್ಟ್ ಸರಿದು ನಿಲ್ಲುತ್ತದೆ, ಅಲ್ಲಿಯೂ ಅನ್ಯಾಯವಿಲ್ಲ. ಅನ್ಯಾಯ ಹುಟ್ಟುವುದು ಯಾರೋ ಆ ಜಾಗವನ್ನು ತುಂಬಲು ಮರೆತಾಗ. ಮಲಯಾಳ ಮಾಧ್ಯಮದ ಶಾಲೆ ಮರೆತರೆ ಏನೂ ಆಗುವುದಿಲ್ಲ. ಕನ್ನಡ ಮಾಧ್ಯಮದ ಶಾಲೆ ಮರೆತರೆ ಜೂನ್ ತಿಂಗಳಲ್ಲಿ ಬೇರೆ ಪುಸ್ತಕಗಳ ಕಟ್ಟು ಬಂದು ಇಳಿಯುತ್ತದೆ. ಯಂತ್ರ ಎಲ್ಲಿಯೂ ದೋಷ ತೋರಿಸಿರುವುದಿಲ್ಲ. ಮರೆವು ಇಬ್ಬರದೂ ಒಂದೇ. ದಂಡ ತೆರುವವರು ಮಾತ್ರ ಒಬ್ಬರೇ.

ಇದು ನಾನು ಕಟ್ಟಿದ ಉದಾಹರಣೆ. ಕಟ್ಟದೆ ಇರುವುದೊಂದು ನಮ್ಮ ಕೈಯಲ್ಲಿರುವ ಫೋನುಗಳ ಒಳಗೇ ಇದೆ. ಯೂನಿಕೋಡ್ ಸಂಸ್ಥೆ ಲೋಕದ ಭಾಷೆ, ಲಿಪಿ, ಪ್ರದೇಶಗಳ ಮಾಹಿತಿಯನ್ನು ಒಂದು ದೊಡ್ಡ ಭಂಡಾರವಾಗಿ ಇರಿಸಿದೆ, ಸಿ.ಎಲ್.ಡಿ.ಆರ್. ಎಂದು ಅದರ ಹೆಸರು. ಫೋನು, ಗಣಕ, ಬ್ರೌಸರುಗಳನ್ನು ತಯಾರಿಸುವವರು ಅದನ್ನು ಬಳಸುತ್ತಾರೆ. ಅರ್ಧ ಹೇಳಿ ಅರ್ಧ ಬಿಟ್ಟ ಗುರುತುಗಳನ್ನು ಪೂರ್ತಿ ಮಾಡುವ ಒಂದು ಕೋಷ್ಟಕ ಅದರಲ್ಲಿದೆ. ‘ಕನ್ನಡ’ ಎಂದಷ್ಟೇ ಹೇಳಿದರೆ ‘ಕನ್ನಡ ಲಿಪಿ, ಭಾರತ’ ಎಂದು ಅದು ಪೂರಣ ಮಾಡುತ್ತದೆ, ಸರಿಯೇ. ಭಾಷೆಯನ್ನು ಹೇಳದೆ ‘ಭಾರತ’ ಎಂದಷ್ಟೇ ಹೇಳಿದರೆ ‘ಹಿಂದಿ, ದೇವನಾಗರಿ’ ಎಂದು ತುಂಬುತ್ತದೆ. ‘ಕೊಂಕಣಿ’ ಎಂದಷ್ಟೇ ಹೇಳಿದರೆ ‘ದೇವನಾಗರಿ’ ಎನ್ನುತ್ತದೆ. ಕಾಸರಗೋಡು, ಮಂಗಳೂರು ಸೀಮೆಯಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಓದುವವರು ತಮ್ಮ ಲಿಪಿಯನ್ನು ಬಿಡಿಸಿ ಹೇಳಬೇಕು. ಇದರಲ್ಲಿ ಯಾರ ದ್ವೇಷವನ್ನೂ ನಾನು ಕಾಣುವುದಿಲ್ಲ. ಹೆಚ್ಚು ಸಂಭವನೀಯವಾದುದನ್ನು ಊಹಿಸುವುದೇ ಆ ಕೋಷ್ಟಕದ ಕೆಲಸ, ಅದರ ಹೆಸರಿನಲ್ಲಿಯೇ ಸಂಭವದ ಮಾತಿದೆ. ಆದರೆ ಸಂಖ್ಯೆಯಲ್ಲಿ ಕಡಿಮೆಯಿರುವವರು ಸಂಭವದ ಲೆಕ್ಕದಲ್ಲಿ ಎಂದಿಗೂ ಗೆಲ್ಲಲಾರರು. ನಾವು ಪ್ರತಿಸಲವೂ ಬಾಯಿಬಿಟ್ಟು ಹೇಳಬೇಕು; ಉಳಿದವರು ಸುಮ್ಮನಿದ್ದರೂ ನಡೆಯುತ್ತದೆ.

ಹ್ಯಾಸ್ಕೆಲ್ಲಿನ ಹಿರಿಯರು ಸಂಖ್ಯೆಗಳಿಗೆ ಡಿಫಾಲ್ಟ್ ಕೊಟ್ಟು ಉಳಿದೆಡೆ ದೋಷ ತೋರಿಸಿ ನಿಂತದ್ದು ಸರಿಯಾದ ವಿವೇಕ ಎಂದು ನನಗನ್ನಿಸುವುದು ಈ ಕಾರಣಕ್ಕೆ. ಖಾಲಿ ಜಾಗದಲ್ಲಿ ಏನು ಕುಳಿತರೂ ಯಾರಿಗೂ ನೋವಾಗದ ಕಡೆ ಯಂತ್ರವೇ ತುಂಬಿಕೊಳ್ಳಲಿ. ಕೂರಬಹುದಾದ ಪ್ರತಿಯೊಂದು ಬೆಲೆಯೂ ಯಾರದೋ ಮನೆಮಾತಾಗಿರುವ ಕಡೆ ಅದು ಕೆಲಸ ನಿಲ್ಲಿಸಿ ಕೇಳಲಿ. ಕೇಳಲು ಪುರುಸೊತ್ತಿಲ್ಲವಾದರೆ ಮಾಡ್ಯೂಲಿನ ಗಡಿಯ ಆ ಹಳೆಯ ನಿಯಮವಾದರೂ ಇರಲಿ: ಡಿಫಾಲ್ಟನ್ನು ದೂರದ ರಾಜಧಾನಿಯ ಕಡತದಲ್ಲಿ ಒಮ್ಮೆಗೇ ಎಲ್ಲರಿಗೂ ಬರೆಯುವುದಕ್ಕಿಂತ ಆಯಾ ಊರಿನ ಕಡತದ ತಲೆಯಲ್ಲಿ ಆ ಊರಿಗೆ ತಕ್ಕಂತೆ ಬರೆಯಬಹುದು. ಉಪಜಿಲ್ಲೆಯ ಮಾಡ್ಯೂಲಿನಲ್ಲಿ ‘ಇಲ್ಲವಾದರೆ ಕನ್ನಡ’ ಎಂಬ ಒಂದು ಸಾಲು ಬರೆಯಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಹ್ಯಾಸ್ಕೆಲ್ಲಿನ ಮುಖ್ಯ ಕಂಪೈಲರಾದ ಜಿ.ಎಚ್.ಸಿ. ತನ್ನ 9.12ನೆಯ ಆವೃತ್ತಿಯಲ್ಲಿ, ಸಂಖ್ಯೆಗಳಲ್ಲದ ಟೈಪ್ ಕ್ಲಾಸುಗಳಿಗೂ ಹೆಸರು ಹಿಡಿದು ಡಿಫಾಲ್ಟ್ ಘೋಷಿಸುವ ಅವಕಾಶವನ್ನು ತಂದಿದೆ. ಬೇಕೆಂದರೆ ಆ ಘೋಷಣೆಯನ್ನು ಬೇರೆ ಮಾಡ್ಯೂಲುಗಳಿಗೆ ರವಾನಿಸುವ ಅನುಮತಿಯೂ ಅದರ ಜೊತೆಗಿದೆ. ಹಳೆಯ ಗಡಿ ಸ್ವಲ್ಪ ಸಡಿಲವಾಗಿದೆ ಎಂದಾಯಿತು. ಬಳಸುವವರ ಕೈಯಲ್ಲಿ ಅದು ಹೇಗೆ ಬೆಳೆಯುತ್ತದೆಂಬುದನ್ನು ಕಾದು ನೋಡಬೇಕು.

ಕಾಲೇಜಿನಲ್ಲಿ ಹ್ಯಾಸ್ಕೆಲ್ ಕಲಿಯಲು ಹೊರಡುವ ಮಕ್ಕಳಿಗೆ ಒಂದು ಉಪಯುಕ್ತ ವಿಷಯವನ್ನು ತಿಳಿಸಿ ಈ ವಾರದ ಬರಹವನ್ನು ನಿಲ್ಲಿಸುತ್ತೇನೆ. ಜಿ.ಎಚ್.ಸಿ. ಕಂಪೈಲರಿನಲ್ಲಿ ‘ಟೈಪ್ ಡಿಫಾಲ್ಟ್ಸ್’ ಎಂಬ ಒಂದು ಎಚ್ಚರಿಕೆಯಿದೆ. ಸಾಮಾನ್ಯವಾಗಿ ಅದು ಮೌನವಾಗಿರುತ್ತದೆ. ಎಲ್ಲ ಮುಖ್ಯ ಎಚ್ಚರಿಕೆಗಳನ್ನೂ ಕೊಡು ಎಂದು ಆಜ್ಞೆಯಲ್ಲಿ ಕೇಳಿಕೊಂಡರೆ ಅದೂ ಎಚ್ಚೆತ್ತುಕೊಳ್ಳುತ್ತದೆ. ಆಮೇಲೆ ನೀವು ಹೇಳದೆ ಬಿಟ್ಟ ಜಾಗವನ್ನು ತಾನಾಗಿ ತುಂಬಿದ ಪ್ರತಿಯೊಂದು ಸಲವೂ ಕಂಪೈಲರ್ ಎಷ್ಟನೆಯ ಸಾಲಿನಲ್ಲಿ, ಯಾವ ಷರತ್ತುಗಳಿಗಾಗಿ, ಯಾವ ಟೈಪನ್ನು ಕೂರಿಸಿದೆನೆಂದು ವರದಿ ಒಪ್ಪಿಸುತ್ತದೆ. ಮೊದಲ ದಿನ ವರದಿ ಉದ್ದವಾಗಿರುತ್ತದೆ. ಬೇಸರಿಸದೆ ಓದಿ, ಎಲ್ಲಿ ನಿಮ್ಮ ಮಾತು ಬೇಕೋ ಅಲ್ಲಿ ಟೈಪನ್ನು ಬರೆಯಿರಿ.